ಸಂತೆಕಟ್ಟೆ ಹಾಲಮ್ಮನಿಗೆ ನಾನು ಬರೆದ ನೋಟಿಸ್‌ಗಳು

ಪುರಸಭೆಯ ನೌಕರಿಗೆ ಸೇರಿದ ಮೊದಲ ವಾರ ನನಗೆ ಕಲಿಸಿದ ಕೆಲಸ ಮನುಷ್ಯರನ್ನು ಟ್ರಾಕ್ಟರಿಗೆ ತುಂಬುವುದು. ಕಸ ತುಂಬಿಸುವುದನ್ನು ಎರಡನೆಯ ವಾರ ಕಲಿತೆ. ಟ್ರೇಲರ್ ಮಾತ್ರ ಎರಡಕ್ಕೂ ಒಂದೇ.

ನಾನು ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳ ಸುತ್ತಲೇ ನನ್ನ ನೌಕರಿ ಸವೆಯಿತು. ಈಗ ಬರೆಯಲಿರುವುದು ನಡೆದದ್ದು ಇವುಗಳಲ್ಲಿ ಯಾವ ಊರಿನಲ್ಲಿ, ಅಥವಾ ನಡುವಿನ ಇನ್ನಾವುದರಲ್ಲಿ ಎಂದು ಹೇಳುವುದಿಲ್ಲ. ಎಲ್ಲ ಊರಿನವರೂ ಅದು ಪಕ್ಕದ ಊರಿರಬೇಕು ಎಂದುಕೊಳ್ಳಲಿ. ಹಾಗೆ ಅಂದುಕೊಳ್ಳುವುದು ನಮ್ಮ ಕಡೆಯವರಿಗೆ ಚೆನ್ನಾಗಿ ಬರುತ್ತದೆ. ನನ್ನ ತಂಗಿಯ ಮಗಳು ಈಚೆಗೆ ಇದೇ ಕೆಲಸಕ್ಕೆ ಸೇರಿದಳು. ನೇಮಕಾತಿ ಪತ್ರ ಹಿಡಿದು ಬಂದು, "ಮಾಮೂ, ನಿಮ್ ಕಾಲ್ದಲ್ಲಿ ಈ ಕೆಲ್ಸ ಹೆಂಗಿತ್ತು?" ಎಂದು ಕೇಳಿದಳು. ಸಿಹಿ ಹಂಚುವ ಹೊತ್ತಿನಲ್ಲಿ ಆಡುವ ಮಾತಲ್ಲವೆಂದು ಸುಮ್ಮನಾದೆ. ಅವಳಿಗೂ ಅವಳ ಜೊತೆಯವರಿಗೂ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಎರಡು ಬಡ್ತಿ ಸಿಕ್ಕವು. ಅವುಗಳ ಕಥೆಯಿಂದ ಯಾರೂ ಕಲಿಯುವಂಥದ್ದು ಏನೂ ಇಲ್ಲ.

ಅದು ಎಪ್ಪತ್ತರ ದಶಕದ ನಡುಭಾಗ. ಬೆಂಗಳೂರಿನಿಂದ ಮಂತ್ರಿಗಳು, ದೊಡ್ಡ ಸಾಹೇಬರುಗಳು ಕೆಮ್ಮಣ್ಣುಗುಂಡಿಗೆ ಹೋಗಿ ಹೆಬ್ಬೆ ಜಲಪಾತ ನೋಡಿ ದಣಿವಾರಿಸಿಕೊಳ್ಳುತ್ತಿದ್ದರು. ಹೋಗುವ ದಾರಿಯಲ್ಲಿ ನಮ್ಮ ಊರು. ಅವರ ಕಾರುಗಳು ಊರು ದಾಟಲು ನಾಲ್ಕು ನಿಮಿಷ ಸಾಕು. ಆ ನಾಲ್ಕು ನಿಮಿಷಕ್ಕಾಗಿ ನಾವು ಹಿಂದಿನ ದಿನವೆಲ್ಲ ಬಸ್‌ಸ್ಟ್ಯಾಂಡು, ಸಂತೆ ಮೈದಾನ, ಛತ್ರದ ಜಗುಲಿ, ದರ್ಗಾದ ಮೆಟ್ಟಿಲು ಸುತ್ತಬೇಕು. ಮನೆಯಿಲ್ಲದೆ ಅಲ್ಲಿ ಬಿದ್ದುಕೊಂಡವರನ್ನು ಟ್ರೇಲರಿಗೆ ಹತ್ತಿಸಿ ಪಕ್ಕದ ಊರಿನ ಎಲ್ಲೆಯಲ್ಲಿ ಇಳಿಸಿ ಬರಬೇಕು. ಇದಕ್ಕೆ ಬರವಣಿಗೆಯ ಆದೇಶ ಇರಲಿಲ್ಲ. ಕಸದ ಕೆಲಸದವರ ಮೇಲೆ ದಫೇದಾರನಾಗಿದ್ದ ತಿಮ್ಮಯ್ಯ ನನಗೆ ಕಸುಬು ಹೇಳಿಕೊಟ್ಟ.

"ಹೊಡೀಬಾರ್ದು ಸಾ, ಬೈಬಾರ್ದು. ಊಟ ಹಾಕಿಸ್ತಾರೆ ಬರ್ರಿ ಅಂದ್ರೆ ಅವ್ರೇ ಹತ್ಕಂತಾರೆ."

"ಊಟ ಎಲ್ಲಿ ಹಾಕಿಸ್ತೀವಿ?"

"ಅದು ಪಕ್ಕದೂರೋರ್ ತಲೆನೋವು ಕಣ್ರೀ," ಎಂದ.

ಪಕ್ಕದ ಊರಿಗೂ ಮಂತ್ರಿಗಳು ಬರುತ್ತಿದ್ದರಲ್ಲ, ಅಲ್ಲಿನವರೂ ಇದೇ ವಿದ್ಯೆ ಕಲಿತಿದ್ದರು. ಒಂದು ಮಧ್ಯಾಹ್ನ ಹುಣಸೆ ಸಾಲಿನ ಹತ್ತಿರ ನಮ್ಮ ಟ್ರಾಕ್ಟರಿಗೆ ಅವರ ಟ್ರಾಕ್ಟರ್ ಎದುರಾಯಿತು. ಅದರಲ್ಲೂ ಹದಿನೈದು ಇಪ್ಪತ್ತು ಜನ. ಎರಡೂ ಕಡೆಯ ಡ್ರೈವರುಗಳು ಇಳಿದು ಬೀಡಿ ಹಚ್ಚಿಕೊಂಡರು. ಇನ್ನೂ ಅಷ್ಟು ದೂರ ಹೋಗಿ ಡೀಸೆಲ್ ಸುಡುವುದೇಕೆ ಎಂದು ಮಾತಾಯಿತು. ಅಲ್ಲೇ ನೆರಳಿನಲ್ಲಿ ಅವರವರನ್ನು ಇಳಿಸಿ, ಇವರನ್ನು ಅದಕ್ಕೆ, ಅವರನ್ನು ಇದಕ್ಕೆ ಹತ್ತಿಸಿದರು. ನಮ್ಮ ಊರಿನ ಇಪ್ಪತ್ತು ಜನರ ಬದಲಿಗೆ ಅವರ ಊರಿನ ಇಪ್ಪತ್ತು ಜನರನ್ನು ನಾವು ನಮ್ಮ ಊರಿಗೇ ಕರೆತಂದೆವು! ಬಸ್‌ಸ್ಟ್ಯಾಂಡಿನ ಹತ್ತಿರ ಇಳಿಸುವಾಗಲೇ ಕೆಲಸ ಕೆಟ್ಟದ್ದು ನಮಗೆ ಹೊಳೆದದ್ದು. ಹುಣಸೆ ಸಾಲಿನ ಗಡಿಬಿಡಿಯಲ್ಲಿ ಕಣ್ಣು ಕಾಣದ ಮುದುಕನೊಬ್ಬ, "ನಮ್ಮೂರ್ ಟ್ರಾಕ್ಟ್ರು ಯಾವ್ದಪ್ಪಾ?" ಎಂದು ಎಲ್ಲರನ್ನೂ ಕೇಳುತ್ತಿದ್ದ. ಅದನ್ನು ಕಚೇರಿಯಲ್ಲಿ ಹೇಳಿ ಹೇಳಿ ನಕ್ಕೆವು. ನಾನೂ ನಕ್ಕೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ದಿನ ಹುಣಸೆ ಸಾಲಿನಲ್ಲಿ ಒಬ್ಬ ಹೆಂಗಸು ಮಾತ್ರ ನಮ್ಮ ಟ್ರಾಕ್ಟರಿನಿಂದ ಇಳಿದವಳು ಮತ್ತೆ ಯಾವುದನ್ನೂ ಹತ್ತಲಿಲ್ಲ. ನಲವತ್ತೈದರ ಆಸುಪಾಸು, ಒಣಕಲು ಮೈ, ನೆಟ್ಟಗಿನ ಬೆನ್ನು. "ನನ್ ಪೊರಕೆ ಅಲ್ಲೇ ಬಿದ್ದಾವೆ, ನಾಳೆ ಸಂತೆ. ನಾನ್ ನಡ್ಕಂಡೇ ಹೋಗ್ತೀನಿ," ಎಂದು ಸೆರಗು ಸಿಕ್ಕಿಸಿಕೊಂಡು ಬಂದ ದಾರಿಯಲ್ಲೇ ಹೊರಟಳು. ತಿಮ್ಮಯ್ಯ ಕೂಗಿದ. ಆಕೆ ತಿರುಗಿ ನೋಡಲಿಲ್ಲ. ಸಂಜೆ ನಾನು ಸಂತೆ ಮೈದಾನಕ್ಕೆ ಹೋದಾಗ ಕಟ್ಟೆಯ ಮೇಲೆ ಕುಳಿತು ಈಚಲ ಗರಿ ಸೀಳುತ್ತಿದ್ದಳು. ಅವಳೇ ಹಾಲಮ್ಮ.

ಅಂತರಘಟ್ಟೆ ಕಡೆಯ ಹಳ್ಳಿಯವಳು. ಗಂಡ ಸತ್ತ ಮೇಲೆ ಮೈದುನರು ಮನೆ ಬಿಡಿಸಿದರು ಎಂದಷ್ಟೇ ಗೊತ್ತು. ಅದಕ್ಕಿಂತ ಹೆಚ್ಚಿಗೆ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂತೆ ಮೈದಾನದಲ್ಲಿ ಕಲ್ಲಿನ ಆರು ಕಟ್ಟೆಗಳಿದ್ದವು. ವಾರಕ್ಕೊಂದು ದಿನ ಅವುಗಳ ಮೇಲೆ ಈರುಳ್ಳಿ, ಮೆಣಸಿನಕಾಯಿ ಸುರಿಯುತ್ತಿದ್ದರು. ಉಳಿದ ಆರು ದಿನ ಮೂರನೆಯ ಕಟ್ಟೆ ಹಾಲಮ್ಮನ ಮನೆ. ಮೂರು ಕಲ್ಲಿನ ಒಲೆ, ಎರಡು ಮಡಕೆ, ಒಂದು ಗೋಣಿ, ಮೂಲೆಯಲ್ಲಿ ಈಚಲ ಗರಿಯ ರಾಶಿ. ಅವಳ ಪೊರಕೆ ಬಿಗಿಯಾಗಿರುತ್ತಿತ್ತು, ಆರು ತಿಂಗಳು ಬಾಳುತ್ತಿತ್ತು. ಊರಿನ ಅರ್ಧ ಮನೆಗಳಿಗೆ ಅವಳದೇ ಪೊರಕೆ. ನಮ್ಮ ಮನೆಗೂ ಅಷ್ಟೇ. ನಮ್ಮ ಕಸದ ಕೆಲಸದವರ ಕೈಯಲ್ಲಿದ್ದದ್ದೂ ಅವಳು ಕಟ್ಟಿದ್ದೇ.

ಊರಿನವರ ವಿಷಯ ಹೇಳಬೇಕು. ಜಗುಲಿಯಲ್ಲಿ ಯಾರೂ ಮಲಗಬಾರದೆಂದು ಸಿಮೆಂಟಿನಲ್ಲಿ ಗಾಜಿನ ಚೂರು ನೆಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಆ ಮನೆಯವರು ಶ್ರಾವಣದಲ್ಲಿ ಅನ್ನದಾನ ಮಾಡುತ್ತಿದ್ದರು. ನಮ್ಮವರೂ ಕಡಿಮೆಯಿಲ್ಲ; ರಂಜಾನಿನಲ್ಲಿ ಕೈಯೆತ್ತಿ ಕೊಟ್ಟವರೇ ಹಬ್ಬ ಕಳೆದ ಮೂರನೆಯ ದಿನ, ದರ್ಗಾದ ಮೆಟ್ಟಿಲು ಖಾಲಿ ಮಾಡಿಸಿ ಎಂದು ಅರ್ಜಿ ಹಿಡಿದು ಬರುತ್ತಿದ್ದರು. ಮನೆ ಕಂದಾಯದ ಜೊತೆ ಭಿಕ್ಷುಕರ ಹೆಸರಿನಲ್ಲೂ ಒಂದು ಕರ ಇತ್ತು. ಅದನ್ನು ಕಟ್ಟಿದ ಮೇಲೆ ಇನ್ನು ನಮ್ಮ ಕಣ್ಣಿಗೆ ಅವರು ಬೀಳಬಾರದು ಎಂಬುದು ಜನರ ಲೆಕ್ಕಾಚಾರ. "ಊರಿನ ಮಾನ ಹೋಗ್ತದೆ ಇನ್ಸ್‌ಪೆಟ್ರೇ," ಎಂದು ನನಗೆ ಬುದ್ಧಿ ಹೇಳಿ, ಹೋಗುವಾಗ ಮೂರನೆಯ ಕಟ್ಟೆಯ ಹತ್ತಿರ ನಿಂತು ಚೌಕಾಸಿ ಮಾಡಿ ಎರಡು ಪೊರಕೆ ಕೊಂಡು ಹೋದವರನ್ನು ಹೆಸರು ಹಿಡಿದು ಹೇಳಬಲ್ಲೆ.

ನನ್ನ ಬುದ್ಧಿವಂತಿಕೆಯ ಒಂದು ಕಥೆಯೂ ಇದೆ. ಜನರನ್ನು ಸಾಗಿಸುವುದಕ್ಕಿಂತ ಅವರಾಗಿಯೇ ಹೋಗುವಂತೆ ಮಾಡಬಾರದೇಕೆ ಎಂದು ಯೋಚಿಸಿ, ದಿನಾ ಸಂಜೆ ಕಟ್ಟೆಗಳಿಗೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಹೊಯ್ಯಿಸಲು ಶುರು ಮಾಡಿದೆ. ಕಾಗದದ ಮೇಲೆ ಅದು ನೈರ್ಮಲ್ಯ. ನಿಜದಲ್ಲಿ, ಒದ್ದೆ ಕಲ್ಲಿನ ಮೇಲೆ ಯಾರೂ ಮೈ ಚಾಚಬಾರದು, ಅಷ್ಟೇ. ಮೇಲಿನವರು ನನ್ನ ಬೆನ್ನು ತಟ್ಟಿದರು. ಹಾಲಮ್ಮ ತನ್ನದೇ ಪೊರಕೆಯಲ್ಲಿ ನೀರನ್ನು ಬಳಿದು ಹಾಕಿ, ಒಲೆಯ ಬೂದಿ ಎರಚಿ, ಅದರ ಮೇಲೆ ಗೋಣಿ ಹಾಸಿಕೊಂಡಳು. ನನ್ನನ್ನು ಕಂಡು, "ದಿನಾ ಮನೆ ಸಾರ್ಸಿ ಕೊಡೋ ಯಜಮಾನ್ರು ಯಾರಿಗ್ ಸಿಕ್ತಾರೆ ಸಾಬ್ರೇ," ಎಂದಳು. ಬೇರೆಯವರು ಹೋದರು. ಅವರಲ್ಲಿ ಬಾಣಂತಿಯೊಬ್ಬಳಿದ್ದಳು, ಎಲ್ಲಿಗೆ ಹೋದಳೆಂದು ನಾನು ವಿಚಾರಿಸಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೊಸ ಚೀಫ್ ಆಫೀಸರ್ ಬಂದರು. ಒಳ್ಳೆಯ ಮಾತಿನ ಮನುಷ್ಯ, ಯಾರಿಗೂ ದನಿಯೆತ್ತಿ ಬೈದವರಲ್ಲ. ಬಿಳಿಯ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಹಾಸಿ ಕೂರುತ್ತಿದ್ದರು. ಟ್ರಾಕ್ಟರಿನ ಪದ್ಧತಿ ಕೇಳಿ ಅವರು ಮುಖ ಸಿಂಡರಿಸಿದರು. "ಏನ್ರೀ ಇದು, ಅನಾಗರಿಕವಾಗಿ! ಯಾರನ್ನಾದ್ರೂ ಎಬ್ಬಿಸ್ಬೇಕಾದ್ರೆ ನೋಟಿಸ್ ಕೊಡಿ. ನಾವು ಮಾತಾಡ್ಬಾರ್ದು, ಕಾಗದ ಮಾತಾಡ್ಬೇಕು," ಎಂದರು. ನನಗೆ ನಿಜಕ್ಕೂ ಖುಷಿಯಾಯಿತು. ಕಡೆಗೂ ಈ ಜನರನ್ನು ಮನುಷ್ಯರೆಂದು ಲೆಕ್ಕಿಸುವ ಕಾಲ ಬಂತು ಎಂದುಕೊಂಡೆ.

ನೋಟಿಸಿಗೆ ಅಚ್ಚಾದ ಫಾರಂ ಬಂತು. ಹೆಸರು, ಗಂಡನ ಅಥವಾ ತಂದೆಯ ಹೆಸರು, ವಾಸಸ್ಥಳ. ವಾಸಸ್ಥಳದ ಮುಂದೆ ಏನು ಬರೆಯುವುದು? ಬೇರೆ ಇನ್ಸ್‌ಪೆಕ್ಟರುಗಳು ಗೆರೆ ಎಳೆದು ಬಿಡುತ್ತಿದ್ದರು. ನಾನು ಗೆರೆ ಎಳೆಯುವವನಲ್ಲ, ಅಕ್ಷರ ದುಂಡಗಿರುವವನು. ಹಾಲಮ್ಮನ ನೋಟಿಸಿನಲ್ಲಿ 'ಸಂತೆ ಮೈದಾನ, ಮೂರನೇ ಕಟ್ಟೆ, ಬೇವಿನ ಮರದ ಮಗ್ಗುಲು' ಎಂದು ತುಂಬಿದೆ. ಅದರ ಕೆಳಗೆ, ಸದರಿ ಸ್ಥಳದಲ್ಲಿ ತಾವು ಅನಧಿಕೃತವಾಗಿ ವಾಸವಾಗಿರುವುದು ಕಂಡುಬಂದಿರುವುದರಿಂದ ಏಳು ದಿನಗಳೊಳಗೆ ತೆರವು ಮಾಡತಕ್ಕದ್ದು ಎಂದಿತ್ತು. ಸಹಿ ನನ್ನದು, ಮೊಹರು ಪುರಸಭೆಯದು.

ಏಳು ದಿನ ಕಳೆದ ಮೇಲೆ ತಿಮ್ಮಯ್ಯ ಹೋಗಿ ಮಡಕೆ, ಗೋಣಿ ಎತ್ತಿ ರಸ್ತೆಗೆ ಇಡುವುದು. ಎರಡು ದಿನ ಬಿಟ್ಟು ಅವಳು ಮತ್ತೆ ಅಲ್ಲೇ ಒಲೆ ಹೂಡುವುದು. ಮುಂದಿನ ಮಂತ್ರಿ ಬರುವ ಸುದ್ದಿ ಬಂದಾಗ ನಾನು ಮತ್ತೆ ನೋಟಿಸ್ ಬರೆಯುವುದು. ಹೀಗೆ ಐದಾರು ವರ್ಷ ನಡೆಯಿತು. ಬೇರೆಯವರು ನೋಟಿಸನ್ನು ಒಲೆಗೆ ಹಾಕುತ್ತಿದ್ದರು, ಇಲ್ಲವೆ ಎಲೆ ಅಡಿಕೆ ಕಟ್ಟಿಕೊಳ್ಳುತ್ತಿದ್ದರು. ಹಾಲಮ್ಮ ಪ್ರತಿ ಸಲವೂ ಹೆಬ್ಬೆಟ್ಟು ಒತ್ತಿ, ಮೊಹರು ಒಣಗುವಂತೆ ಊದಿ, ಗೊಬ್ಬರದ ಪ್ಲಾಸ್ಟಿಕ್ ಚೀಲದೊಳಗೆ ಇಡುತ್ತಿದ್ದಳು.

"ಅದನ್ನ ಯಾಕೆ ಇಟ್ಕೊಂಡಿದ್ದೀಯವ್ವ?" ಎಂದು ಒಮ್ಮೆ ಕೇಳಿದೆ.

"ನನ್ ಹೆಸ್ರು ಬರ್ದಿರೋ ಕಾಗ್ದ ಬ್ಯಾರೆ ಯಾವ್ದೈತೆ ಸಾಬ್ರೇ?" ಎಂದಳು.

ಆಗ ಮನೆ ಜಾಗವಿಲ್ಲದ ಬಡವರಿಗೆ ಪುಕ್ಕಟೆ ನಿವೇಶನ ಕೊಡುವ ಯೋಜನೆ ನಮ್ಮ ಊರಿಗೂ ಬಂತು. ಊರಾಚೆಯ ಗೋಮಾಳದಲ್ಲಿ ಕಲ್ಲು ನೆಟ್ಟು ಗುರುತು ಮಾಡಿದರು. ಸುದ್ದಿ ಸಂತೆ ಮೈದಾನಕ್ಕೂ ಹೋಯಿತು. ಹಾಲಮ್ಮ ಒಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲ ಬಳಿ ನನಗಾಗಿ ಕಾದು ನಿಂತಿದ್ದಳು.

"ಇಪ್ಪತ್ತಡಿ ಜಾಗ ಸಾಕು ಸಾಬ್ರೇ. ಮನೆ ಕಟ್ಟಕಾಗ್ದಿದ್ರೂ ಪರ್ವಾಗಿಲ್ಲ, ಗರಿ ಹೊದಿಸ್ಕಂತೀನಿ. ಯಾರೂ ಎದ್ದೇಳೇ ಅನ್ಬಾರ್ದು, ಅಷ್ಟೇ."

ಇಷ್ಟು ವರ್ಷದಲ್ಲಿ ಅವಳು ನನ್ನ ಮುಂದೆ ಕೇಳಿದ್ದು ಅದೊಂದೇ. ಅವಳ ದನಿಯಲ್ಲಿ ಮೊದಲ ಸಲ ಅಂಜಿಕೆ ಕಂಡಿತು. ಟ್ರಾಕ್ಟರಿಗೆ ಅಂಜದವಳು, ನನ್ನ ಬ್ಲೀಚಿಂಗ್ ನೀರಿಗೆ ನಕ್ಕವಳು, ಸಿಗಬಹುದಾದ ಒಂದು ತುಂಡು ನೆಲಕ್ಕೆ ಅಂಜಿದಳು.

ನಿಯಮ ನೋಡಿದೆ. ಅರ್ಜಿದಾರರು ಐದು ವರ್ಷದಿಂದ ಊರಿನಲ್ಲಿ ವಾಸವಿರಬೇಕು. ಅದಕ್ಕೆ ರೇಷನ್ ಕಾರ್ಡೋ, ಕಂದಾಯದ ರಸೀತಿಯೋ, ಸರ್ಕಾರಿ ದಾಖಲೆ ಯಾವುದಾದರೂ ಆಗಬಹುದು. ಮನೆ ಇಲ್ಲವೆಂದು ಮನೆ ಕೇಳುವವರು ಮನೆಯ ಕಂದಾಯದ ರಸೀತಿ ಎಲ್ಲಿಂದ ತರುತ್ತಾರೆ ಎಂದು ಬರೆದವರಿಗೆ ಹೊಳೆದಿರಲಿಲ್ಲ. ನನಗೆ ಮಾತ್ರ ಒಂದು ಉಪಾಯ ಹೊಳೆಯಿತು. 'ಸರ್ಕಾರಿ ದಾಖಲೆ ಯಾವುದಾದರೂ' ಎಂದರೆ ನೋಟಿಸ್ ಯಾಕಾಗಬಾರದು? ಪುರಸಭೆಯೇ ತನ್ನ ಮೊಹರು ಹಾಕಿ, ಈ ಹೆಂಗಸು ಇಂಥ ಕಟ್ಟೆಯಲ್ಲಿ ವಾಸವಾಗಿದ್ದಾಳೆ ಎಂದು ವರ್ಷ ವರ್ಷವೂ ಬರೆದುಕೊಟ್ಟಿದೆಯಲ್ಲ!

"ಆ ಪ್ಲಾಸ್ಟಿಕ್ ಚೀಲ ತಗೊಂಡ್ ಬಾ," ಎಂದೆ.

ಹನ್ನೊಂದು ನೋಟಿಸ್‌ಗಳಿದ್ದವು. ಒಂದಕ್ಕೂ ಸುಕ್ಕು ಬಿದ್ದಿರಲಿಲ್ಲ. ಅರ್ಜಿಯನ್ನು ನಾನೇ ಬರೆದೆ, ಹನ್ನೊಂದನ್ನೂ ದಾರ ಹಾಕಿ ಪೋಣಿಸಿದೆ. ಹಾಲಮ್ಮ ಹೆಬ್ಬೆಟ್ಟು ಒತ್ತಿ, ಖಾಲಿ ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಲ್ಲವೂ ಅಸಲು ಪ್ರತಿಗಳು, ನಕಲು ತೆಗೆದಿಡಬೇಕು ಎಂದು ನನಗೆ ತೋಚಲಿಲ್ಲ. ಕಚೇರಿಯವರಿಗೆ ಪಾಠ ಕಲಿಸುತ್ತಿದ್ದೇನೆಂಬ ಹಮ್ಮು ಬೇರೆ. ಇಡೀ ನೌಕರಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಎಂದು ಬಹಳ ವರ್ಷ ಸಮಾಧಾನ ಹೇಳಿಕೊಂಡೆ.

ಆಯ್ಕೆ ಸಮಿತಿ ಕೂತಾಗ ನನ್ನನ್ನೂ ಕರೆದರು. ಪುರಸಭೆಯ ಅಧ್ಯಕ್ಷರು ಕೊಬ್ಬರಿ ವ್ಯಾಪಾರಿ. ಸಂತೆ ಕಟ್ಟೆ ಒಡೆದು ಸಾಲು ಮಳಿಗೆ ಕಟ್ಟಿಸಬೇಕೆಂದು ಅವರ ಬಹುದಿನದ ಆಸೆ. ಹಾಲಮ್ಮನ ಅರ್ಜಿ ಬಂದಾಗ ಅವರು ನೋಟಿಸ್‌ಗಳನ್ನು ಒಂದೊಂದಾಗಿ ತಿರುವಿ, ಗಟ್ಟಿಯಾಗಿ ನಕ್ಕರು.

"ಏನ್ ಸಾಬ್ರೇ, ನಾವು ಓಡ್ಸಕ್ಕೆ ಕೊಟ್ಟ ಕಾಗ್ದ ತಂದು ನಮ್ಗೇ ತೋರಿಸ್ತಾಳಲ್ರೀ! ಭಾರಿ ಹೆಂಗ್ಸು!"

ಚೀಫ್ ಆಫೀಸರ್ ನಗಲಿಲ್ಲ. ನಿಯಮದ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಸರ್ಕಾರಿ ಅಥವಾ ಪುರಸಭೆಯ ಜಾಗವನ್ನು ಅತಿಕ್ರಮಿಸಿಕೊಂಡವರು ನಿವೇಶನಕ್ಕೆ ಅರ್ಹರಲ್ಲ. "ಬೇರೆಯವರ ಅರ್ಜಿಗಳಲ್ಲಿ ಅತಿಕ್ರಮಣಕ್ಕೆ ಸಾಕ್ಷಿ ಇಲ್ಲ. ಈಕೆ ಹನ್ನೊಂದು ಸಾಕ್ಷಿ ತಾನೇ ಕೊಟ್ಟಿದ್ದಾಳೆ. ನಾನು ಮೊದಲೇ ಹೇಳಿರಲಿಲ್ವಾ, ಕಾಗದ ಮಾತಾಡ್ಬೇಕು ಅಂತ," ಎಂದರು. ನಂತರ ನನ್ನ ಕಡೆ ತಿರುಗಿ ಬಹಳ ಮೃದುವಾಗಿ, "ಆಕೆ ಕಟ್ಟೆ ಮೇಲೆ ವಾಸ ಇರೋದು ನಿಜ ತಾನೆ? ನಿಜ ಇದ್ದದ್ದನ್ನ ಒಂದು ವರದಿ ಬರ್ದು ಕೊಡಿ," ಎಂದರು.

ನಿಜ ತಾನೆ? ನಿಜವೇ. ಬರೆದೆ. ಹಾಲಮ್ಮ ಎಂಬುವರು ಸಂತೆ ಮೈದಾನದ ಮೂರನೇ ಕಟ್ಟೆಯಲ್ಲಿ ಬಹಳ ವರ್ಷಗಳಿಂದ ನಿರಂತರವಾಗಿ ವಾಸವಿರುವುದು ಸ್ಥಳ ತನಿಖೆಯಿಂದ ದೃಢಪಟ್ಟಿದೆ ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಅರ್ಜಿ ತಿರಸ್ಕೃತವಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯ ಕೆಲಸ ನಾನು ಮಾಡಿದೆ. ನಿವೇಶನ ಸಿಕ್ಕವರ ಪಟ್ಟಿ ಗೋಡೆಗೆ ಅಂಟಿಸಿದಾಗ ನೋಡಿದೆ. ಅದರಲ್ಲಿ ಮನೆ ಇದ್ದವರು ಎಷ್ಟು ಜನ, ಇಲ್ಲದವರು ಎಷ್ಟು ಜನ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವರ ಕಾಗದಗಳು ಸರಿಯಾಗಿದ್ದವು.

ಹಾಲಮ್ಮನಿಗೆ ನಾನೇ ಹೋಗಿ ಹೇಳಿದೆ. ಅವಳು ಗರಿ ಸೀಳುವುದನ್ನು ನಿಲ್ಲಿಸಲಿಲ್ಲ. "ಹೋಗ್ಲಿ ಬಿಡಿ. ನನ್ ಕಾಗ್ದ ತಂದ್ಕೊಡಿ," ಎಂದಳು. ಫೈಲು ಮುಗಿದ ಮೇಲೆ ತಂದುಕೊಡುತ್ತೇನೆ ಎಂದೆ. ಕಚೇರಿಯಲ್ಲಿ ಕೇಳಿದರೆ, ದಾಖಲೆಯಾದ ಕಾಗದ ಹೊರಗೆ ಕೊಡುವಂತಿಲ್ಲ ಎಂದರು.

ನನ್ನ ವರದಿ ಅಲ್ಲಿಗೆ ನಿಲ್ಲಲಿಲ್ಲ. ಅಧ್ಯಕ್ಷರಿಗೆ ಈಗ ಒಂದು ಆಧಾರ ಸಿಕ್ಕಿತ್ತು. ಸ್ಥಳ ತನಿಖೆಯಿಂದ ದೃಢಪಟ್ಟಿದೆ ಎಂಬ ನನ್ನ ಸಾಲನ್ನೇ ಅತಿಕ್ರಮಣಕ್ಕೆ ಸಾಕ್ಷಿಯಾಗಿ ಎತ್ತಿ, ಕಟ್ಟೆಗಳನ್ನು ಪೂರ್ತಿ ತೆರವು ಮಾಡಿ ಮಳಿಗೆ ಕಟ್ಟಿಸಲು ಠರಾವು ಮಾಡಿದರು. ಬೀದಿಯಲ್ಲಿ ಬೇಡುವವರನ್ನು ದೂರದ ಒಂದು ಶಿಬಿರಕ್ಕೆ ಒಯ್ಯುವ ವ್ಯಾನು ಆ ವಾರವೇ ಬರುವಂತೆ ಏರ್ಪಾಡಾಯಿತು. ಅಲ್ಲಿಗೆ ಹೋದವರು ತಮ್ಮ ಊರಿನವರು ಯಾರಾದರೂ ಒಪ್ಪಿಕೊಂಡರೆ ಮಾತ್ರ ಹೊರಗೆ ಬರುತ್ತಾರೆ ಎಂದು ತಿಮ್ಮಯ್ಯ ಹೇಳಿದ.

ವ್ಯಾನು ಬಂದದ್ದು ಬೆಳಿಗ್ಗೆ ಹತ್ತು ಗಂಟೆಗೆ. ಅಂಗಡಿಗಳೆಲ್ಲ ತೆರೆದಿದ್ದವು, ಜನ ನಿಂತು ನೋಡುತ್ತಿದ್ದರು. ಇಬ್ಬರು ಪೊಲೀಸಿನವರು, ತಿಮ್ಮಯ್ಯ, ನಾನು. ಗುರುತು ಹಿಡಿದು ಹೇಳುವುದು, ಫಾರಂ ತುಂಬುವುದು ನನ್ನ ಪಾಲು. ಹಾಲಮ್ಮನ ಸರದಿ ಬಂದಾಗ ಅವಳು ಹಿಂದೆ ಸರಿದಳು.

"ಇದು ಬೇಡೋರ್ ವ್ಯಾನು. ನಾನ್ಯಾಕ್ ಹತ್ಲಿ? ನಾನ್ ಯಾವತ್ ಯಾರ್‌ತಾವ ಬೇಡಿದೀನಿ? ನೀವ್ ಹೇಳಿ ಸಾಬ್ರೇ!"

ನನಗಿಂತ ಮೊದಲು ಪೊಲೀಸಿನವನು, "ಮನೆ ಎಲ್ಲೈತೆ ಹೇಳಮ್ಮ, ಬಿಟ್ಬಿಡ್ತೀವಿ," ಎಂದ.

ಅವಳು ಎರಡೂ ಅಂಗೈ ಚಾಚಿ ನನ್ನ ಮುಂದೆ ಹಿಡಿದಳು. ಈಚಲ ಗರಿಯ ಅಂಚು ಕೊಯ್ದು ಕೊಯ್ದು ಅಂಗೈ ತುಂಬ ಕಪ್ಪು ಗೆರೆಗಳು. "ನೋಡ್ರಿ, ಬೇಡೋ ಕೈ ಹಿಂಗಿರ್ತದಾ?" ಎಂದಳು. ಈಕೆ ದುಡಿದು ತಿನ್ನುವವಳು, ನಮ್ಮ ಊರಿನವಳು ಎಂದು ಅಲ್ಲಿ ಒಂದು ಮಾತು ಹೇಳಬಹುದಿತ್ತು. ಸುತ್ತ ನಿಂತಿದ್ದ ಜನ, ಅವಳ ಪೊರಕೆಯಲ್ಲಿ ಮನೆ ಗುಡಿಸಿದ ಜನ, ಅವರೂ ಹೇಳಬಹುದಿತ್ತು. ಕೊಬ್ಬರಿ ಮಂಡಿಯ ಗುಮಾಸ್ತರೊಬ್ಬರು, "ಅಲ್ಲಿ ಹೊತ್ತೊತ್ತಿಗೆ ಊಟ ಹಾಕ್ತಾರೆ ಕಣಮ್ಮ, ಸುಖವಾಗಿರು," ಎಂದರು. ಫಾರಂನಲ್ಲಿ ವಿಳಾಸ ಎಂಬ ಕಡೆ ನಾನು 'ಇಲ್ಲ' ಎಂದು ಬರೆದೆ.

ವ್ಯಾನಿನ ಕಿಟಕಿಯಿಂದ ಅವಳು ಕರೆದಳು. ಹತ್ತಿರ ಹೋದೆ. ಬೈಯುತ್ತಾಳೆಂದು ಕಾದಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ಆ ಕಾಗ್ದನಾದ್ರೂ ಕೊಡ್ರಿ ಸಾಬ್ರೇ. ಅಲ್ಲಿ ಯಾವೂರೋಳು ಅಂದ್ರೆ ತೋರಿಸ್ಬೇಕಲ್ಲ," ಎಂದಳು. "ಆಫೀಸಲ್ಲಿದೆ. ನಾಳೆ ಕಳಿಸ್ತೀನಿ," ಎಂದೆ. ನಾಳೆ ಕಳಿಸಲಾಗದು ಎಂದು ಗೊತ್ತಿದ್ದೇ ಹೇಳಿದೆ. ಅವಳು ನಂಬಿದಳು. ತಲೆ ಆಡಿಸಿ, "ಮರೀಬ್ಯಾಡಿ," ಎಂದಳು.

ಕಟ್ಟೆ ಒಡೆಯಲು ಒಂದು ವಾರ ಹಿಡಿಯಿತು, ಗಟ್ಟಿ ಕಲ್ಲು. ಮನೆಯಲ್ಲಿ ಪೊರಕೆ ಸವೆದಾಗ ನನ್ನ ಹೆಂಡತಿ ಪೊರಕೆಯವಳು ಎಲ್ಲಿ ಎಂದು ಕೇಳಿದಳು. ಹೇಳಿದೆ. ಮನೆಯಲ್ಲಿ ನಾವು ದಖನಿ ಆಡುತ್ತೇವೆ, ಅವಳು ಅಂದದ್ದನ್ನು ಕನ್ನಡದಲ್ಲಿ ಬರೆದರೆ ಇಷ್ಟು: "ನೀವು ಅವಳ ಪರವಾಗಿ ಬರೆದದ್ದೂ ಅವಳಿಗೇ ಮುಳುವಾಯಿತು, ವಿರುದ್ಧವಾಗಿ ಬರೆದದ್ದೂ ಮುಳುವಾಯಿತು. ಹಾಗಾದರೆ ಬರೆಯುವುದನ್ನೇ ನಿಲ್ಲಿಸಿ." ನೌಕರಿ ಬಿಡಿ ಎಂದು ಹೇಳಿದಳೋ ಏನೋ, ನಾನು ವಿವರ ಕೇಳಲಿಲ್ಲ.

ಮೂರು ತಿಂಗಳಾದ ಮೇಲೆ ಶಿಬಿರದಿಂದ ಕಚೇರಿಗೆ ಒಂದು ಪತ್ರ ಬಂತು. ಹಾಲಮ್ಮ ಎಂಬ ಹೆಂಗಸು ತಾನು ಭಿಕ್ಷುಕಿಯಲ್ಲ, ನಿಮ್ಮ ಊರಿನ ಸಂತೆ ಮೈದಾನದ ನಿವಾಸಿ, ಪೊರಕೆ ಕಟ್ಟಿ ಜೀವನ ಮಾಡುವವಳು ಎಂದು ದಿನವೂ ಹೇಳುತ್ತಿದ್ದಾಳೆ. ಊಟ ಸರಿಯಾಗಿ ಮಾಡುತ್ತಿಲ್ಲ. ಈಕೆ ನಿಮ್ಮ ಪುರಸಭೆಯ ನಿವಾಸಿಯೆಂದು ದೃಢಪಡಿಸಿದಲ್ಲಿ ಬಿಡುಗಡೆ ಮಾಡಲಾಗುವುದು. ಅಷ್ಟೇ ಪತ್ರ. ಯಾರೋ ಪುಣ್ಯಾತ್ಮರು ಬರೆದಿದ್ದರು. ಅದನ್ನು ಹಿಡಿದು ನಾನು ಚೀಫ್ ಆಫೀಸರ ಕೋಣೆಗೆ ಬಹುತೇಕ ಓಡಿದೆ.

"ಸಾರ್, ಹೌದು ಅಂತ ಒಂದು ಸಾಲು ಬರೆದ್ರೆ ಸಾಕು. ನಮ್ಮ ಫೈಲಲ್ಲೇ ಹನ್ನೊಂದು ನೋಟಿಸ್ ಇದೆ, ನನ್ನ ವರದಿ ಇದೆ."

ಅವರು ಪತ್ರವನ್ನು ಎರಡು ಸಲ ಓದಿದರು. "ಬಿಡುಗಡೆ ಮಾಡಿ ಎಲ್ಲಿಗೆ ಕಳಿಸ್ತಾರೆ? ಇಲ್ಲಿಗೆ. ಇಲ್ಲಿ ಎಲ್ಲಿಡ್ತೀರಿ? ಕಟ್ಟೆ ಇಲ್ಲ. ಮಳಿಗೆ ಮುಂದೆ ಕೂರ್ತಾಳೆ. ಅಧ್ಯಕ್ಷರು ನನ್ನ ಕೇಳ್ತಾರೆ, ನಾನು ನಿಮ್ಮನ್ನ ಕೇಳ್ತೀನಿ." ಪತ್ರವನ್ನು ನನ್ನ ಕಡೆ ಸರಿಸಿ, "ಮನೆ ನಂಬರ್ ಪುಸ್ತಕದಲ್ಲಿ ಆಕೆ ಹೆಸರಿದೆಯಾ?" ಎಂದರು.

"ಇಲ್ಲ ಸಾರ್. ಮನೆ ಇರಲಿಲ್ವಲ್ಲ."

"ಹಾಗಾದ್ರೆ ಪುಸ್ತಕದ ಪ್ರಕಾರ ಬರೀರಿ. ಸ್ಥಳ ತನಿಖೆ ಮಾಡಿದೆ ಅಂತ ನಿಮ್ಮ ಸಹಿ ಇರ್ಲಿ." ಅವರು ಮೇಜಿನ ಮೇಲಿದ್ದ ಇನ್ನೊಂದು ಕಾಗದವನ್ನು ನನ್ನ ಕಣ್ಣ ಮುಂದೆಯೇ ಸರಿಪಡಿಸಿ ಇಟ್ಟರು. ನನ್ನ ವರ್ಗಾವಣೆಯ ಅರ್ಜಿ ಅದು. ನನ್ನ ತಾಯಿ ಪಾರ್ಶ್ವವಾಯು ಹೊಡೆದು ಮಲಗಿದ್ದರು, ಅವರಿರುವ ಊರಿಗೆ ವರ್ಗ ಕೇಳಿದ್ದೆ. ಅದರ ಬಗ್ಗೆ ಚೀಫ್ ಆಫೀಸರ್ ಒಂದು ಮಾತೂ ಆಡಲಿಲ್ಲ. ಒಳ್ಳೆಯ ಮನುಷ್ಯ, ಹೆದರಿಸುವವರಲ್ಲ.

ನಾನು ನನ್ನ ಮೇಜಿಗೆ ಬಂದು ಕುಳಿತೆ. ಹಾಲಮ್ಮನ ಫೈಲು ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ತಿಮ್ಮಯ್ಯ ಬಂದು ಚಹ ಇಟ್ಟು ಹೋದ, ಆರಿತು. ನಂತರ ಬರೆದೆ: 'ಸ್ಥಳ ತನಿಖೆ ಮಾಡಲಾಗಿ, ಹಾಲಮ್ಮ ಎಂಬ ಹೆಸರಿನವರು ಈ ಪುರಸಭೆಯ ವ್ಯಾಪ್ತಿಯಲ್ಲಿ ಎಂದೂ ವಾಸವಿದ್ದ ಬಗ್ಗೆ ದಾಖಲೆ ಕಂಡುಬಂದಿರುವುದಿಲ್ಲ.' ಸಹಿ ಹಾಕಿದೆ. ಮೊಹರು ಒಣಗಲೆಂದು ನಾನೂ ಊದಿದೆ.

ಶಿಬಿರದಿಂದ ಮತ್ತೆ ಪತ್ರ ಬರಲಿಲ್ಲ. ನನಗೆ ವರ್ಗವಾಯಿತು, ತಾಯಿ ಇನ್ನೂ ನಾಲ್ಕು ವರ್ಷ ನಮ್ಮ ಮನೆಯಲ್ಲಿ, ಮಂಚದ ಮೇಲೆ, ನಮ್ಮೆಲ್ಲರ ನಡುವೆ ಇದ್ದು ತೀರಿಕೊಂಡರು. ಹಾಲಮ್ಮ ಎಲ್ಲಿ ತೀರಿಕೊಂಡಳೋ ಗೊತ್ತಿಲ್ಲ. ಒಂದು ಸಲ ಶಿಬಿರಕ್ಕೆ ಹೋಗಿ ಕೇಳಬಹುದಿತ್ತು, ಬಸ್ಸಿತ್ತು, ರೈಲಿತ್ತು, ಬೀರೂರಿಗೆ ಹೋದರೆ ದಿನಕ್ಕೆ ನಾಲ್ಕು ಗಾಡಿ ಸಿಗುತ್ತಿದ್ದವು. ಹೋಗಲಿಲ್ಲ. ಅವಳು ಬದುಕಿದ್ದು ಕಾಗದ ತಂದಿರಾ ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ.

ಅವಳು ಮೂರನೇ ಕಟ್ಟೆಯಲ್ಲಿ ನಿರಂತರ ವಾಸವಿದ್ದಾಳೆ ಎಂದು ಬರೆದ ಕಾಗದ ಒಂದು ಫೈಲಿನಲ್ಲಿ, ಎಂದೂ ವಾಸವಿರಲಿಲ್ಲ ಎಂದು ಬರೆದ ಕಾಗದದ ಪ್ರತಿ ಇನ್ನೊಂದು ಫೈಲಿನಲ್ಲಿ, ಒಂದೇ ಬೀರುವಿನಲ್ಲಿ ವರ್ಷಗಟ್ಟಲೆ ಇದ್ದವು. ಎರಡರಲ್ಲೂ ಅಕ್ಷರ ನನ್ನದೇ, ಸಹಿ ನನ್ನದೇ. ಯಾರಾದರೂ ಒಮ್ಮೆ ಅವೆರಡನ್ನೂ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ ನನ್ನ ನೌಕರಿ ಹೋಗುತ್ತಿತ್ತು. ತನಿಖೆಯವರು ಬಂದರು, ಆಡಿಟಿನವರು ಬಂದರು, ಎಷ್ಟೋ ಅಧಿಕಾರಿಗಳು ಬಂದು ಹೋದರು. ಯಾರೂ ನೋಡಲಿಲ್ಲ. ನಾನು ಒಂದೂ ಕಪ್ಪು ಚುಕ್ಕೆಯಿಲ್ಲದೆ, ಪೂರ್ತಿ ಪಿಂಚಣಿಯೊಂದಿಗೆ ನಿವೃತ್ತನಾದೆ.